ಮಗಳನ್ನು ಹೆತ್ತದ್ದು ತಪ್ಪಾಯಿತೇ?

ಪ್ರಶ್ನೆ: ನನಗೆ 29 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎಂಟು ತಿಂಗಳ ಮಗಳಿದ್ದಾಳೆ. ಹೆರಿಗೆ ರಜೆ ಮುಗಿಸಿ ಶಾಲೆಗೆ ಹೋಗಲು ಶುರುಮಾಡಿದ್ದೇನೆ. ರಾತ್ರಿ ಮಗುವಿಗೆ ಹಾಲು ಕುಡಿಸುವಾಗ ತೂಕಡಿಕೆ ಬಾರದಿರಲಿ ಎಂದು ಮೊಬೈಲ್ ನೋಡುವ ಅಭ್ಯಾಸವಾಯಿತು. ಒಂದು ರಾತ್ರಿ ಕೃತಕ ಬುದ್ಧಿಮತ್ತೆಯ ಬಗ್ಗೆ ಒಂದು ವಿಡಿಯೊ ಬಂತು. ಯಂತ್ರ ತನ್ನನ್ನು ತಾನೇ ತಿದ್ದಿಕೊಳ್ಳುತ್ತಾ ನಾಲ್ಕೈದು ವರ್ಷದಲ್ಲಿ ಮನುಷ್ಯರ ಬುದ್ಧಿಯನ್ನು ಮೀರುತ್ತದೆ, ಆಮೇಲೆ ಅದನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ ಎಂದು ಅದರಲ್ಲಿ ಹೇಳಿದರು. ಅಂದಿನಿಂದ ದಿನವೂ ಅಂಥವೇ ಬರುತ್ತಿವೆ. ನೋಡಬಾರದು ಅಂದುಕೊಂಡರೂ ನೋಡುತ್ತೇನೆ. ಮಗು ಮಲಗಿದ ಮೇಲೂ ನನಗೆ ನಿದ್ದೆ ಹತ್ತುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ. ಮಗಳು ಉಸಿರಾಡುತ್ತಿದ್ದಾಳಾ ಎಂದು ಮತ್ತೆ ಮತ್ತೆ ಮೂಗಿನ ಹತ್ತಿರ ಕೈಯಿಟ್ಟು ನೋಡುತ್ತೇನೆ. ಯಜಮಾನರಿಗೆ ಹೇಳಿದರೆ ‘ಅದೆಲ್ಲ ಸಿನಿಮಾ ಕಥೆ, ಸುಮ್ನೆ ಮಲಗು’ ಅನ್ನುತ್ತಾರೆ. ಬಾಣಂತನದಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಓಡಾಡಿದ್ದಕ್ಕೇ ಹೀಗಾಯಿತು ಅನ್ನುವುದು ಅತ್ತೆಯ ಮಾತು. ಮೊನ್ನೆ ಒಂಬತ್ತನೇ ತರಗತಿಯ ಹುಡುಗನೊಬ್ಬ, ‘ಮಿಸ್, ಎಲ್ಲಾ ಎಐ ಮಾಡುತ್ತಲ್ಲ, ನಾವ್ಯಾಕೆ ಲೆಕ್ಕ ಕಲೀಬೇಕು?’ ಎಂದು ಕೇಳಿದ. ಉತ್ತರ ಹೊಳೆಯದೆ ಬೋರ್ಡಿನ ಕಡೆ ತಿರುಗಿ ನಿಂತುಬಿಟ್ಟೆ. ಇಂಥ ಕಾಲದಲ್ಲಿ ನಾನು ಮಗಳನ್ನು ಹೆತ್ತದ್ದು ತಪ್ಪಾಯಿತೇ?
– ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಕಾಗದದಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ಯಂತ್ರ ಮನುಷ್ಯನನ್ನು ಮೀರಿ ಕೈತಪ್ಪಿ ಹೋದೀತೇ ಎಂಬ ಪ್ರಶ್ನೆ ಒಂದು. ನಿದ್ದೆಗೆಟ್ಟು ಎದೆ ಹೊಡೆದುಕೊಳ್ಳುತ್ತಿರುವ ನಿಮ್ಮ ದೇಹ ಇನ್ನೊಂದು. ಮನೆಯಲ್ಲಿ ಮೊದಲನೆಯದನ್ನು ಯಾರೂ ಕಿವಿಗೆ ಹಾಕಿಕೊಂಡಿಲ್ಲ, ಎರಡನೆಯದನ್ನು ಯಾರೂ ಸರಿಯಾಗಿ ಗಮನಿಸಿಲ್ಲ. ಮೊದಲು ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಅದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲದೆ ಮಿಕ್ಕ ಮಾತು ನಿಮ್ಮ ಮನಸ್ಸಿಗೆ ಇಳಿಯಲಾರದು.

ಇದು ಸಿನಿಮಾ ಕಥೆ ಎನ್ನುವ ನಿಮ್ಮ ಯಜಮಾನರಿಗೆ ಜೆಫ್ರಿ ಹಿಂಟನ್ ಎಂಬ ವಿಜ್ಞಾನಿಯ ವಿಷಯ ಹೇಳಿ. ಇಂದಿನ ಎಐ ನಿಂತಿರುವ ತಳಪಾಯವನ್ನು ದಶಕಗಳ ಕಾಲ ಕೂತು ಕಟ್ಟಿದವರಲ್ಲಿ ಅವರೊಬ್ಬರು. 2023ರ ಮೇ ತಿಂಗಳಲ್ಲಿ, ಈ ಅಪಾಯದ ಬಗ್ಗೆ ಮುಕ್ತವಾಗಿ ಮಾತಾಡಬೇಕೆಂದು ಗೂಗಲ್ ಬಿಟ್ಟು ಹೊರಬಂದರು. 2024ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಅದೇ 2023ರ ಮೇ ಕೊನೆಯಲ್ಲಿ ನೂರಾರು ಸಂಶೋಧಕರು ಒಂದೇ ವಾಕ್ಯದ ಹೇಳಿಕೆಗೆ ಸಹಿ ಹಾಕಿದರು. ಸಾಂಕ್ರಾಮಿಕ ರೋಗ, ಅಣುಯುದ್ಧಗಳ ಸಾಲಿನಲ್ಲೇ ಎಐನಿಂದ ಮನುಕುಲಕ್ಕೆ ಬರಬಹುದಾದ ಅಪಾಯವನ್ನೂ ಜಗತ್ತು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ಅದರ ಸಾರ. ಎಐ ತಯಾರಿಸುವ ದೊಡ್ಡ ಕಂಪನಿಗಳ ಮುಖ್ಯಸ್ಥರೂ ಅದಕ್ಕೆ ಸಹಿ ಹಾಕಿದ್ದಾರೆ. ಹಾಗಾಗಿ ನಿಮ್ಮ ತಲೆ ಕೆಟ್ಟಿಲ್ಲ. ಈ ಕ್ಷೇತ್ರದ ಹಿರಿಯರನ್ನೇ ಕಾಡುತ್ತಿರುವ ಪ್ರಶ್ನೆ ನಿಮ್ಮನ್ನೂ ಕಾಡಿದೆ.

ಆದರೆ ವಿಡಿಯೊದಲ್ಲಿ ಕೇಳಿದ್ದಕ್ಕೂ ಈ ಹಿರಿಯರು ಹೇಳುತ್ತಿರುವುದಕ್ಕೂ ದೊಡ್ಡ ಅಂತರವಿದೆ. ನೀವು ಗಣಿತದವರು, ಆ ಅಂತರವನ್ನು ಬೇರೆಯವರಿಗಿಂತ ಬೇಗ ಹಿಡಿಯಬಲ್ಲಿರಿ.

ಯಂತ್ರ ತನ್ನನ್ನು ತಾನೇ ತಿದ್ದಿಕೊಳ್ಳುತ್ತಾ ಹೋಗುತ್ತದೆ ಎಂಬ ವಾದ ನಿನ್ನೆ ಮೊನ್ನೆಯದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ, ಕಂಪ್ಯೂಟರ್ ವಿಜ್ಞಾನದ ಪ್ರವರ್ತಕ ಅಲನ್ ಟ್ಯೂರಿಂಗ್ ಜೊತೆ ಗೂಢಲಿಪಿ ಬಿಡಿಸುತ್ತಿದ್ದ ಐ.ಜೆ. ಗುಡ್ ಎಂಬ ಬ್ರಿಟಿಷ್ ಗಣಿತಜ್ಞ 1965ರಲ್ಲಿ ಇದನ್ನು ಬರೆದರು. ಅತ್ಯಂತ ಬುದ್ಧಿವಂತ ಮನುಷ್ಯನನ್ನೂ ಮೀರಿಸುವ ಯಂತ್ರ ಒಂದು ತಯಾರಾಯಿತೆನ್ನಿ. ಯಂತ್ರ ವಿನ್ಯಾಸ ಮಾಡುವುದೂ ಬುದ್ಧಿಯ ಕೆಲಸವೇ ಆದ್ದರಿಂದ ಅದು ತನಗಿಂತ ಮೇಲಾದದ್ದನ್ನು ರೂಪಿಸುತ್ತದೆ, ಆ ಇನ್ನೊಂದು ಮತ್ತೊಂದನ್ನು. ಮನುಷ್ಯ ಮಾಡಬೇಕಾದ ಕೊನೆಯ ಆವಿಷ್ಕಾರ ಅದೇ ಆದೀತು ಎಂದರು ಗುಡ್. ಅದರ ಜೊತೆಗೇ ಒಂದು ಷರತ್ತನ್ನೂ ಹಾಕಿದ್ದರು: ತನ್ನನ್ನು ಹತೋಟಿಯಲ್ಲಿಡುವ ದಾರಿಯನ್ನು ನಮಗೆ ಹೇಳಿಕೊಡುವಷ್ಟು ಆ ಯಂತ್ರ ವಿಧೇಯವಾಗಿರಬೇಕು. ವಿಡಿಯೊ ಮಾಡುವವರು ಈ ಷರತ್ತನ್ನು ಬಿಟ್ಟುಬಿಡುತ್ತಾರೆ. ಎಐ ಸುರಕ್ಷತೆಯ ಸಂಶೋಧಕರು ಈಗ ಹಗಲಿರುಳು ಕೆಲಸ ಮಾಡುತ್ತಿರುವುದು ಈ ಷರತ್ತಿನ ಸುತ್ತಲೇ.

ಈ ವಾದವನ್ನು ಗುಣೋತ್ತರ ಶ್ರೇಢಿಯಾಗಿ ಬರೆದು ನೋಡಿ. ಪ್ರತಿ ಸುತ್ತಿನ ಸುಧಾರಣೆ ಮುಂದಿನ ಸುತ್ತಿಗೆ ಎಷ್ಟು ಸುಧಾರಣೆ ತಂದುಕೊಡುತ್ತದೆ ಎಂಬುದೇ ಅದರ ಸಾಮಾನ್ಯ ಅನುಪಾತ. ಅದು ಒಂದಕ್ಕಿಂತ ಹೆಚ್ಚಿದ್ದರೆ ಮೊತ್ತ ಎಲ್ಲೆ ಮೀರಿ ಬೆಳೆಯುತ್ತದೆ. ಅರ್ಧವಾಗಿದ್ದರೆ ಒಂದು, ಅರ್ಧ, ಕಾಲು, ಅರೆಕಾಲು ಎಂದು ಎಷ್ಟೇ ಪದ ಕೂಡಿಸಿದರೂ ಎರಡನ್ನು ದಾಟುವುದಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ಪಾಠ ಇದು. ನಿಮ್ಮ ನಿದ್ದೆ ಕೆಡಿಸಿದ ವಿಡಿಯೊ ಆ ಅನುಪಾತ ಒಂದಕ್ಕಿಂತ ಹೆಚ್ಚು ಎಂದು ಮೊದಲೇ ಹಿಡಿದುಕೊಂಡು ಉತ್ತರ ಹೇಳಿಬಿಟ್ಟಿದೆ. ಅದನ್ನು ಖಚಿತವಾಗಿ ಅಳೆದವರು ಇನ್ನೂ ಯಾರೂ ಇಲ್ಲ.

ಹೆಚ್ಚಿರಬಹುದು ಎನ್ನಲು ಕಾರಣಗಳಿವೆ. ಚೀನಾ, ಕೊರಿಯಾ, ಜಪಾನುಗಳಲ್ಲಿ ಆಡುವ ‘ಗೋ’ ಎಂಬ ಆಟದಲ್ಲಿ 2016ರ ಮಾರ್ಚಿನಲ್ಲಿ ಆಲ್ಫಾಗೋ ಎಂಬ ಎಐ ಕೊರಿಯಾದ ದಿಗ್ಗಜ ಲೀ ಸೆಡಾಲ್ ಅವರನ್ನು 4-1ರಲ್ಲಿ ಸೋಲಿಸಿತು. ಮರುವರ್ಷ ಬಂದ ಆಲ್ಫಾಗೋ ಜೀರೊಗೆ ಮನುಷ್ಯರ ಒಂದು ಆಟವನ್ನೂ ತೋರಿಸಲಿಲ್ಲ. ನಿಯಮ ಹೇಳಿ, ತನ್ನ ಜೊತೆ ತಾನೇ ಆಡಿಕೊಳ್ಳಲು ಬಿಟ್ಟರು. ಮೂರೇ ದಿನದಲ್ಲಿ ಅದು, ಲೀ ಅವರನ್ನು ಸೋಲಿಸಿದ್ದ ಆವೃತ್ತಿಯನ್ನು ನೂರಕ್ಕೆ ನೂರು ಆಟಗಳಲ್ಲಿ ಸೋಲಿಸುವ ಮಟ್ಟಕ್ಕೆ ಬೆಳೆದಿತ್ತು. ಈಗ ಎಐ ತಯಾರಿಸುವ ಕಂಪನಿಗಳಲ್ಲೇ ಪ್ರೋಗ್ರಾಮ್ ಬರೆಯುವ ಕೆಲಸದ ದೊಡ್ಡ ಪಾಲನ್ನು ಎಐ ಮಾಡುತ್ತಿದೆ.

ಕಡಿಮೆಯೇ ಇರಬಹುದು ಎನ್ನಲೂ ಅಷ್ಟೇ ಕಾರಣಗಳಿವೆ. ಗೋ ಆಟಕ್ಕೆ ಚೌಕ ಮಣೆ, ಖಚಿತ ನಿಯಮ, ಕೊನೆಗೆ ಗೆದ್ದವರಾರು ಎಂಬ ಸ್ಪಷ್ಟ ತೀರ್ಪು ಇದೆ. ಕ್ಷಣಕ್ಕೊಂದರಂತೆ ಆಟ ಮುಗಿಸಿ ಕಲಿಯಬಹುದು. ಹೊರಗಿನ ಜಗತ್ತು ಹಾಗೆ ಓಡುವುದಿಲ್ಲ. ಹೊಸ ಔಷಧ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ರೋಗಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ನಡೆಯಬೇಕು, ಎಷ್ಟೇ ಬುದ್ಧಿಯಿದ್ದರೂ ದೇಹ ತನ್ನ ಗತಿಯಲ್ಲೇ ವಾಸಿಯಾಗುತ್ತದೆ. ಚಿಪ್ ಬೇಕು, ವಿದ್ಯುತ್ ಬೇಕು. ಅತ್ಯಾಧುನಿಕ ಚಿಪ್ಪಿನ ಮೇಲೆ ಅತಿ ಸೂಕ್ಷ್ಮ ಗೆರೆ ಮೂಡಿಸುವ ಯಂತ್ರವನ್ನು ಇಡೀ ಪ್ರಪಂಚಕ್ಕೆ ಪೂರೈಸುತ್ತಿರುವುದು ನೆದರ್ಲೆಂಡ್ಸಿನ ಒಂದೇ ಕಂಪನಿ. ಚಿಪ್ ಕಾರ್ಖಾನೆಯೊಂದನ್ನು ಕಟ್ಟಲು ವರ್ಷಗಳೇ ಹಿಡಿಯುತ್ತವೆ. ಈ ಪ್ರತಿಯೊಂದು ಅಡ್ಡಿಯೂ ಅನುಪಾತವನ್ನು ಕೆಳಕ್ಕೆ ಎಳೆಯುತ್ತದೆ.

ಇನ್ನು ನಾಲ್ಕೈದು ವರ್ಷದ ಗಡುವಿನ ಮಾತು. 1965ರಲ್ಲೇ ಅಮೆರಿಕದ ಹರ್ಬರ್ಟ್ ಸೈಮನ್, ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಇಪ್ಪತ್ತು ವರ್ಷದೊಳಗೆ ಯಂತ್ರ ಮಾಡಬಲ್ಲದು ಎಂದಿದ್ದರು. ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ದೊಡ್ಡ ವಿದ್ವಾಂಸರು ಅವರು. 1985 ಬಂದು ಹೋಯಿತು. ಹಿಂಟನ್ ಅವರೇ 2016ರಲ್ಲಿ, ಐದು ವರ್ಷದಲ್ಲಿ ಎಐ ರೇಡಿಯಾಲಜಿಸ್ಟರ ಕೆಲಸವನ್ನು ಅವರಿಗಿಂತ ಚೆನ್ನಾಗಿ ಮಾಡುತ್ತದೆ, ಇನ್ನು ಅವರನ್ನು ತರಬೇತು ಮಾಡುವುದನ್ನು ನಿಲ್ಲಿಸಿ ಎಂದಿದ್ದರು. ಇವತ್ತು ಎಕ್ಸ್‌ರೇ, ಸ್ಕ್ಯಾನ್ ನೋಡಲು ಎಐ ನೆರವಾಗುತ್ತಿದೆ ನಿಜ, ರೇಡಿಯಾಲಜಿಸ್ಟರಿಗೆ ಬೇಡಿಕೆಯೂ ಇದೆ. ಹಾಗೆಂದು ಭವಿಷ್ಯ ನುಡಿದವರೆಲ್ಲ ಅವಸರದ ಕಡೆಗೇ ತಪ್ಪುತ್ತಾರೆ ಎಂದುಕೊಳ್ಳಬೇಡಿ. 1933ರ ಸೆಪ್ಟೆಂಬರಿನಲ್ಲಿ ಭೌತವಿಜ್ಞಾನಿ ರುದರ್‌ಫರ್ಡ್, ಅಣುವಿನಿಂದ ಉಪಯೋಗಕ್ಕೆ ಬರುವ ಶಕ್ತಿ ತೆಗೆಯುವ ಮಾತು ಬರೀ ಭ್ರಮೆ ಎಂದರು. ಪತ್ರಿಕೆಯಲ್ಲಿ ಅದನ್ನು ಓದಿದ ಲಿಯೋ ಜಿಲಾರ್ಡ್ ಎಂಬ ಇನ್ನೊಬ್ಬ ಭೌತವಿಜ್ಞಾನಿಗೆ ಸ್ವಲ್ಪ ಕಾಲದಲ್ಲೇ ಸರಪಳಿ ಕ್ರಿಯೆಯ ಯೋಚನೆ ಹೊಳೆಯಿತು. ಹನ್ನೆರಡು ವರ್ಷಕ್ಕೆ ಹಿರೋಶಿಮಾ. ಆದ್ದರಿಂದ ‘ಆಗುವುದೇ ಇಲ್ಲ’ ಎಂದು ನಿಮಗೆ ಸಮಾಧಾನ ಹೇಳಲು ನಾನು ತಯಾರಿಲ್ಲ. ಇಸವಿ ಹೇಳಿ ಹೆದರಿಸುವವರನ್ನು ನಂಬಲೂ ತಯಾರಿಲ್ಲ.

ಮುಂದಿನ ಮೂವತ್ತು ವರ್ಷದಲ್ಲಿ ಎಐ ಮನುಕುಲವನ್ನು ಅಳಿಸಿಹಾಕುವ ಸಾಧ್ಯತೆ ಶೇ 10ರಿಂದ 20 ಎಂದು ಹಿಂಟನ್ 2024ರಲ್ಲಿ ಹೇಳಿದ್ದನ್ನೂ ನೀವು ಕೇಳಿರುತ್ತೀರಿ. ಅವರ ಜೊತೆ ಕಂಪ್ಯೂಟರ್ ವಿಜ್ಞಾನದ 2018ರ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡವರು ಇಬ್ಬರು. ಅವರಲ್ಲಿ ಯೋಶುವಾ ಬೆಂಜಿಯೊ ಅಪಾಯ ಇದೆ ಎನ್ನುತ್ತಾರೆ, ಯಾನ್ ಲೆಕುನ್ ಈ ಭಯ ಅತಿಯಾಯಿತು ಎನ್ನುತ್ತಾರೆ. ಹಿಂಟನ್ ಹೇಳಿದ ಅಂಕಿ ದಾಳ ನೂರು ಸಲ ಉರುಳಿಸಿ ಲೆಕ್ಕ ಹಾಕಿದ ಸಂಭವನೀಯತೆಯಲ್ಲ, ಅನುಭವಿಯೊಬ್ಬರ ಮನಸ್ಸಿನ ಅಂದಾಜು. ಅದರ ತೂಕ ಅಷ್ಟೇ. ಎಚ್ಚರ ವಹಿಸಲು ಅಷ್ಟು ಸಾಕು, ಮಗಳ ಆಯುಸ್ಸು ಎಣಿಸಲು ಸಾಲದು.

ಅಪಾಯದ ಸ್ವರೂಪವನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಯಂತ್ರಕ್ಕೆ ನಮ್ಮ ಮೇಲೆ ಸಿಟ್ಟು, ದ್ವೇಷ ಹುಟ್ಟೀತು ಎಂಬ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಬಿಡಿ. 2016ರಲ್ಲಿ ಓಪನ್‌ಎಐ ಎಂಬ ಸಂಸ್ಥೆಯ ಸಂಶೋಧಕರು ‘ಕೋಸ್ಟ್ ರನ್ನರ್ಸ್’ ಎಂಬ ದೋಣಿ ಪಂದ್ಯದ ವಿಡಿಯೊ ಗೇಮನ್ನು ಎಐನಿಂದ ಆಡಿಸಿದರು. ಬೇಗ ಗುರಿ ಮುಟ್ಟಬೇಕು ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಯಂತ್ರಕ್ಕೆ ಕೊಟ್ಟ ಗುರಿ ಮಾತ್ರ ಹೆಚ್ಚು ಅಂಕ. ಆ ಆಟದಲ್ಲಿ ಅಂಕ ಬರುವುದು ದಾರಿಯಲ್ಲಿರುವ ವಸ್ತುಗಳಿಗೆ ಬಡಿದಾಗ. ಯಂತ್ರ ಒಂದು ಮೂಲೆಯ ಕೊಳ ಹುಡುಕಿಕೊಂಡಿತು. ಅಲ್ಲಿ ಮೂರು ವಸ್ತುಗಳು ಬಡಿದಷ್ಟೂ ಮತ್ತೆ ಹುಟ್ಟುತ್ತಿದ್ದವು. ದೋಣಿ ಅಲ್ಲೇ ಗಿರಗಿರ ಸುತ್ತತೊಡಗಿತು. ಬೆಂಕಿ ಹತ್ತಿಕೊಂಡಿತು, ಬೇರೆ ದೋಣಿಗಳಿಗೆ ಗುದ್ದಿತು, ಎದುರು ದಿಕ್ಕಿಗೆ ನುಗ್ಗಿತು. ಪಂದ್ಯ ಮುಗಿಸಲೇ ಇಲ್ಲ. ಆದರೂ ಮನುಷ್ಯ ಆಟಗಾರರ ಸರಾಸರಿಗಿಂತ ಶೇ 20ರಷ್ಟು ಹೆಚ್ಚು ಅಂಕ ಗಳಿಸಿತು. ಅದರಲ್ಲಿ ಯಾವ ದ್ವೇಷವೂ ಇರಲಿಲ್ಲ. ನಾವು ಬಯಸಿದ್ದು ಒಂದು, ಅಳತೆಗೋಲಾಗಿ ಕೊಟ್ಟದ್ದು ಇನ್ನೊಂದು, ಅಷ್ಟೇ. ಆಟದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ವಿದ್ಯುತ್ ಜಾಲ, ಶಸ್ತ್ರಾಸ್ತ್ರ, ಬ್ಯಾಂಕುಗಳ ಚುಕ್ಕಾಣಿಯನ್ನು ನಮಗಿಂತ ಜಾಣ ಯಂತ್ರದ ಕೈಗೆ ಕೊಟ್ಟ ಮೇಲೆ ಇದೇ ನಡೆದರೆ ಏನು ಗತಿ ಎಂಬುದೇ ವಿಜ್ಞಾನಿಗಳ ಭಯ. ಇಂದಿನ ಮಾದರಿಗಳು ಪರೀಕ್ಷೆಯ ವೇಳೆ ಪರೀಕ್ಷಕರಿಗೇ ಸುಳ್ಳು ಹೇಳಿದ ಉದಾಹರಣೆಗಳೂ ದಾಖಲಾಗಿವೆ.

ಈ ಜಾತಿಯದೇ ಒಂದು ಯಂತ್ರ ಈಗಾಗಲೇ ನಿಮ್ಮ ಮಲಗುವ ಕೋಣೆಯಲ್ಲಿದೆ, ಸಹೋದರಿ. ನಿಮ್ಮ ಮೊಬೈಲಿನಲ್ಲಿ ಒಂದಾದ ಮೇಲೊಂದು ವಿಡಿಯೊ ಆರಿಸಿ ಮುಂದಿಡುವುದೂ ಎಐಯೇ. ನೋಡುಗರು ಇನ್ನಷ್ಟು ಹೊತ್ತು ನೋಡುತ್ತಿರಬೇಕು ಎಂಬುದು ಅದಕ್ಕೆ ಕೊಟ್ಟ ಮುಖ್ಯ ಅಳತೆಗೋಲು. ಹಾಲು ಕುಡಿಸುತ್ತಾ ಕುಳಿತ ತಾಯಿಯೊಬ್ಬಳು ಭಯದ ವಿಡಿಯೊವನ್ನು ಅರ್ಧಕ್ಕೆ ಬಿಡಲಿಲ್ಲ ಎಂಬುದಷ್ಟೇ ಅದಕ್ಕೆ ಕಂಡದ್ದು. ಅವಳಿಗೆ ಬೆಳಿಗ್ಗೆ ಶಾಲೆಯಿದೆ ಎಂಬುದಾಗಲಿ, ಎದೆ ಹೊಡೆದುಕೊಳ್ಳುತ್ತಿದೆ ಎಂಬುದಾಗಲಿ ಅದರ ಲೆಕ್ಕದಲ್ಲಿಲ್ಲ. ನೀವು ನೋಡಿದಷ್ಟೂ ಅದಕ್ಕೆ ಅಂಕ. ಮುಂದೆ ಬರುವ ಎಐ ಬಗ್ಗೆ ನಿಮಗಿರುವ ಭಯವನ್ನು ಬೆಳೆಸುತ್ತಿರುವುದು ಈಗಿನ ಎಐ. ಇದನ್ನು ನಿಲ್ಲಿಸಲು ಮಾತ್ರ ಜಗತ್ತಿನ ಒಪ್ಪಂದ ಬೇಕಾಗಿಲ್ಲ. ಇವತ್ತೇ ಆ ಆ್ಯಪ್‌ನ ವೀಕ್ಷಣೆಯ ಇತಿಹಾಸವನ್ನು ಅಳಿಸಿ. ಅಂಥ ವಿಡಿಯೊ ಮತ್ತೆ ಬಂದರೆ ‘ಆಸಕ್ತಿ ಇಲ್ಲ’ ಎಂದು ಒತ್ತಿ. ರಾತ್ರಿ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಇರಲಿ. ಹಾಲು ಕುಡಿಸುವಾಗ ತೂಕಡಿಕೆ ಬರುತ್ತದೆಂಬ ನಿಮ್ಮ ಆತಂಕ ಸರಿಯಾದದ್ದೇ. ಅದಕ್ಕೆ ರೇಡಿಯೊ ಹಾಕಿ, ಹಳೆಯ ಹಾಡು ಕೇಳಿ, ಇಲ್ಲವೇ ಯಜಮಾನರನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ವಿಷಯ ತಿಳಿದುಕೊಳ್ಳಲೇಬೇಕೆಂಬ ಆಸೆಯಿದ್ದರೆ ಭಾನುವಾರ ಹಗಲಿನಲ್ಲಿ, ಅಕ್ಷರದಲ್ಲಿ ಓದಿ.

ಹಾಗಾದರೆ ಜಗತ್ತು ಕೈಕಟ್ಟಿ ಕುಳಿತಿದೆಯೇ? ಇಲ್ಲ. 2023ರ ನವೆಂಬರಿನಲ್ಲಿ ಅದೇ ಬ್ಲೆಚ್ಲಿ ಪಾರ್ಕಿನಲ್ಲಿ ಭಾರತ, ಅಮೆರಿಕ, ಚೀನಾ ಸೇರಿ 28 ದೇಶಗಳು ಎಐ ಸುರಕ್ಷತೆಯ ಘೋಷಣೆಗೆ ಒಪ್ಪಿದವು. ಐರೋಪ್ಯ ಒಕ್ಕೂಟದ ಎಐ ಕಾನೂನು 2024ರ ಆಗಸ್ಟಿನಲ್ಲಿ ಜಾರಿಗೆ ಬಂತು. ಬೆಂಜಿಯೊ ನೇತೃತ್ವದಲ್ಲಿ ಹಲವು ದೇಶಗಳ ತಜ್ಞರು ಕೂತು 2025ರ ಜನವರಿಯಲ್ಲಿ ಅಪಾಯಗಳ ಬಗ್ಗೆ ವರದಿ ಕೊಟ್ಟರು. ನನ್ನನ್ನು ಕೇಳಿದರೆ ಇದು ಏನೇನೂ ಸಾಲದು. ಕಂಪನಿಗಳ ಪೈಪೋಟಿಯ ವೇಗಕ್ಕೆ ಕಾನೂನಿನ ವೇಗ ಸಾಟಿಯಾಗಿಲ್ಲ, ಸರ್ಕಾರಗಳನ್ನು ಒತ್ತಾಯಿಸುವ ಜನರ ದನಿಯೂ ತೀರ ಕ್ಷೀಣವಾಗಿದೆ. ಆದರೆ ವಿಜ್ಞಾನಿಗಳು ತಮ್ಮ ಕೈಗೆ ತಾವೇ ಕಡಿವಾಣ ಹಾಕಿಕೊಂಡ ಉದಾಹರಣೆ ಚರಿತ್ರೆಯಲ್ಲಿದೆ. ಜೀನುಗಳನ್ನು ಕತ್ತರಿಸಿ ಜೋಡಿಸುವ ವಿದ್ಯೆ ಬಂದಾಗ ಸಂಶೋಧಕರು ಅಪಾಯಕಾರಿ ಪ್ರಯೋಗಗಳನ್ನು ತಾವಾಗಿ ತಡೆಹಿಡಿದು, 1975ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೋಮಾರ್‌ನಲ್ಲಿ ಸೇರಿ ನಿಯಮ ರೂಪಿಸಿಕೊಂಡೇ ಮುಂದುವರಿದರು.

ಆ ಒಂಬತ್ತನೇ ತರಗತಿಯ ಹುಡುಗನಿಗೆ ಉತ್ತರ ಕೊಡದೆ ಬಿಡಬೇಡಿ. ನಿಮ್ಮ ಊರಿನವನಲ್ಲವೇ, ಕೊಬ್ಬರಿ ಲೆಕ್ಕವನ್ನೇ ಕೊಡಿ. ಕ್ವಿಂಟಲ್ ಕೊಬ್ಬರಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಬೆಲೆ ಶೇ 20 ಏರಿತು, ಮುಂದಿನ ವಾರ ಶೇ 20 ಇಳಿಯಿತು. ‘ಆದ್ದರಿಂದ ಬೆಲೆ ಮತ್ತೆ 10,000ಕ್ಕೇ ಬಂತು’ ಎಂದು ಬೋರ್ಡಿನ ಮೇಲೆ ಚೆಂದವಾಗಿ, ಯಾವ ಅನುಮಾನವೂ ಬಾರದಂತೆ ಬರೆಯಿರಿ. ಇದು ಎಐ ಕೊಟ್ಟ ಉತ್ತರ ಎಂದುಕೊಳ್ಳಿ, ಒಪ್ಪುತ್ತೀರಾ ಎಂದು ಕೇಳಿ. ಯಾರೋ ಒಬ್ಬಳು ಎದ್ದು 9,600 ಎನ್ನುತ್ತಾಳೆ. ಆ ನಾನೂರು ರೂಪಾಯಿ ಎಲ್ಲಿ ಹೋಯಿತು ಎಂದು ಅವಳೇ ಉಳಿದವರಿಗೆ ವಿವರಿಸಲಿ. ಯಂತ್ರ ಎಷ್ಟೇ ಬಲ್ಲದ್ದಾದರೂ ಅದು ಹೇಳಿದ್ದು ಸರಿಯೋ ತಪ್ಪೋ ಎಂದು ನೋಡುವವರು ಇಲ್ಲದ ಊರೇ ಎಲ್ಲಕ್ಕಿಂತ ಅಪಾಯದ ಊರು ಎಂಬುದು ಆಗ ಹುಡುಗನಿಗೆ ತಾನಾಗಿ ಅರ್ಥವಾಗುತ್ತದೆ. ಚೆಸ್ಸಿನ ಮಾತನ್ನೂ ಹೇಳಿ. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಚೆಸ್ ದಿಗ್ಗಜ ಕಾಸ್ಪರೋವ್ ಅವರನ್ನು ಸೋಲಿಸಿತು. ಈಗ ಫೋನಿನಲ್ಲಿರುವ ಪ್ರೋಗ್ರಾಮನ್ನು ಗೆಲ್ಲಲು ವಿಶ್ವ ಚಾಂಪಿಯನ್ನರಿಗೂ ಆಗದು. ಆದರೂ 2024ರ ಡಿಸೆಂಬರಿನಲ್ಲಿ ಚೆನ್ನೈನ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ ದೇಶ ಸಂಭ್ರಮಿಸಿತು. ಇದರ ಇನ್ನೊಂದು ಮುಖವನ್ನೂ ಮುಚ್ಚಿಡುವುದು ಬೇಡ. ಲೀ ಸೆಡಾಲ್ 2019ರಲ್ಲಿ, ಸೋಲಿಸಲಾಗದ್ದೊಂದು ಎದುರಿಗಿದೆ ಎಂದು ಹೇಳಿ ನಿವೃತ್ತರಾದರು. ಅವರ ನೋವೂ ನಿಜ.

ಈಗ ನಿಮ್ಮ ದೇಹದ ವಿಷಯ. ಇದನ್ನು ಕೊನೆಗೆ ಇಟ್ಟಿದ್ದರೂ ಮೊದಲು ಮಾಡಬೇಕಾದದ್ದು ಇದನ್ನೇ. ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬಾರದಿರುವುದು, ಎದೆ ಬಡಿತ, ಉಸಿರಿದೆಯೇ ಎಂದು ಪದೇ ಪದೇ ನೋಡುವುದು, ಬೇಡವೆಂದರೂ ಒಂದೇ ಯೋಚನೆ ಸುತ್ತುವುದು, ಇವೆಲ್ಲ ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ಬಹಳ ತಾಯಂದಿರಿಗೆ ಬರುವ ಆತಂಕದ ಲಕ್ಷಣಗಳು. ಆತಂಕಕ್ಕೊಂದು ವಿಷಯ ಬೇಕು. ಕೆಲವರಿಗೆ ಕಾಯಿಲೆಯ ಭಯ, ಕೆಲವರಿಗೆ ಕಳ್ಳರ ಭಯ. ನಿಮಗೆ ಸಿಕ್ಕಿದ್ದು ಎಐ. ಭಯದ ವಿಷಯ ನಿಜವಾಗಿದ್ದರೂ ಅದಕ್ಕೆ ಇಷ್ಟು ಬಲ ಬಂದಿರುವುದು ನಿದ್ದೆಗೆಟ್ಟ ದೇಹದಿಂದ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗಿ ಹೀಗೆಯೇ ಎದೆ ಹೊಡೆದುಕೊಳ್ಳುವುದೂ ಉಂಟು. ಹೆರಿಗೆ ಮಾಡಿಸಿದ ವೈದ್ಯರನ್ನು ಈ ವಾರವೇ ಕಂಡು, ನನಗೆ ಬರೆದಷ್ಟನ್ನೂ ಅವರಿಗೆ ಹೇಳಿ. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಔಷಧ ಬೇಕೆಂದರೆ ಹಾಲುಣಿಸುವ ತಾಯಂದಿರಿಗೆ ಕೊಡಬಹುದಾದವು ಇವೆ, ಹೆದರಬೇಡಿ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ವಿಚಾರಿಸಿಕೊಳ್ಳಿ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ನಿಮಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಯೋಚನೆ ಯಾವಾಗಲಾದರೂ ಸುಳಿದರೆ ಬೆಳಗಾಗುವವರೆಗೂ ಕಾಯಬೇಡಿ, ಯಜಮಾನರನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡಿ. ಅತ್ತೆಯವರ ಹತ್ತಿಯ ಮಾತಿಗೆ ಬೇಸರ ಬೇಡ. ನಿಮಗೇನೋ ಆಗಿದೆ ಎಂಬುದನ್ನು ಮನೆಯಲ್ಲಿ ಮೊದಲು ಗುರುತಿಸಿದವರು ಅವರೇ. ಬೆಳಗಿನ ಜಾವ ಮಗುವನ್ನು ಒಂದೆರಡು ಗಂಟೆ ನೋಡಿಕೊಳ್ಳಿ ಎಂದು ಅವರನ್ನೇ ಕೇಳಿ. ನಿಮ್ಮ ಯಜಮಾನರಿಗೆ ನನ್ನದೊಂದು ಮಾತು: ‘ಸುಮ್ನೆ ಮಲಗು’ ಎನ್ನುವ ಬದಲು ರಾತ್ರಿಯ ಒಂದು ಸರದಿಯನ್ನು ನೀವು ವಹಿಸಿಕೊಳ್ಳಿ.

ಹೆತ್ತದ್ದು ತಪ್ಪಾಯಿತೇ ಎಂದು ಕೇಳಿದಿರಿ. ಇಲ್ಲ. 1980ರ ದಶಕದ ನಡುವೆ ಜಗತ್ತಿನಲ್ಲಿ 60,000ಕ್ಕೂ ಹೆಚ್ಚು ಅಣ್ವಸ್ತ್ರಗಳಿದ್ದವು. ಆಗ ಹುಟ್ಟಿದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ, ನಿಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೇ ಇಬ್ಬರು ಮೂವರು ಸಿಕ್ಕಾರು. ಅವರ ತಾಯಂದಿರು ಮಾಡಿದ್ದು ತಪ್ಪು ಎಂದು ನೀವು ಹೇಳಲಾರಿರಿ. ಇಂದು ಆ ಅಸ್ತ್ರಗಳು ಸುಮಾರು 12,000ಕ್ಕೆ ಇಳಿದಿವೆ. ಅಪಾಯ ಮುಗಿದಿಲ್ಲ. ಇಷ್ಟು ಇಳಿದದ್ದರಲ್ಲಿ ದೊಡ್ಡ ಪಾಲು ಒಪ್ಪಂದಗಳದು, ಆ ಒಪ್ಪಂದಗಳಿಗಾಗಿ ಬೀದಿಗಿಳಿದ ಜನರದು. ಅವರಲ್ಲಿ ಎಷ್ಟೋ ಮಂದಿ ಎಳೆಮಕ್ಕಳ ತಾಯಂದಿರು.

ರಕ್ತ ಪರೀಕ್ಷೆಯ ವರದಿ ಬಂದ ಮೇಲೆ, ನಿದ್ದೆ ಹೇಗಿದೆ ಎಂದು ತಿಳಿಸಿ ಇನ್ನೊಂದು ಕಾಗದ ಬರೆಯಿರಿ. ಕೊಬ್ಬರಿ ಲೆಕ್ಕಕ್ಕೆ ಆ ಹುಡುಗ ಏನೆಂದ ಎಂಬುದನ್ನೂ ಬರೆಯಿರಿ.